ಯಾರೂ ಬಳಸದ ಸಬ್‌ವರ್ಷನ್

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಿಂದ ನಿವೃತ್ತರಾಗಿದ್ದ ಮೇಡಂ ಒಬ್ಬರ ಕುವೆಂಪುನಗರದ ಮನೆಯಲ್ಲಿ, ಗ್ರೈಂಡರಿನ ಪಕ್ಕವೇ, ನಮ್ಮ ಸರ್ವರ್ ಇತ್ತು. ಯಾರು ಬೇಕಾದರೂ ತಮ್ಮ ಪ್ರೋಗ್ರಾಮುಗಳನ್ನು ಅದರಲ್ಲಿ ಪುಕ್ಕಟೆ ಇಟ್ಟುಕೊಳ್ಳಬಹುದಿತ್ತು. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದ ನಮ್ಮ ಐದು ಜನಕ್ಕೂ ಅವರೇ ಯಜಮಾನಿ.

ಬರೆದದ್ದನ್ನು ಯಾರು, ಯಾವಾಗ, ಏಕೆ ತಿದ್ದಿದರೆಂದು ನೆನಪಿಡುವ ವ್ಯವಸ್ಥೆಗಳು ಅದರಲ್ಲಿ ನಾಲ್ಕಿದ್ದವು. ಊರೆಲ್ಲ ಅವುಗಳಲ್ಲೊಂದಾದ ಗಿಟ್ ಹಿಡಿದಿರುವಾಗ ಮಿಕ್ಕ ಮೂರು ಏಕೆಂದು ಕೇಳಿದರೆ ಮೇಡಂ ಸೆರಗಿನಲ್ಲಿ ಕನ್ನಡಕ ಒರೆಸುತ್ತ, “ಇರ್ಲಿ ಬುಡ್ರೋ, ಅದೇನು ಊಟ ಕೇಳ್ತದಾ?” ಎನ್ನುತ್ತಿದ್ದರು.

ಊಟ ಕೇಳದಿದ್ದರೂ ರಿಪೇರಿ ಕೇಳುತ್ತಿತ್ತು, ಅದೂ ನಮ್ಮ ಭಾನುವಾರಗಳಲ್ಲೇ. ಕೊನೆಗೊಂದು ಭಾನುವಾರ ನಾವು ಕೈಯೆತ್ತಿ ತೀರ್ಮಾನಿಸಿಬಿಟ್ಟೆವು: ಆ ಮೂರರಲ್ಲಿ ಯಾರೂ ಬಳಸದ ಸಬ್‌ವರ್ಷನ್ ಇಂದಿನಿಂದ ಬಂದ್. ನಮ್ಮ ವೆಬ್‌ಸೈಟಿನಲ್ಲಿ ನಾನೊಂದು ಭರ್ಜರಿ ನೋಟೀಸು ಹಾಕಿ, ಸಬ್‌ವರ್ಷನ್ನನ್ನು ನಿಲ್ಲಿಸಿದೆ. ನೋಟೀಸಿನ ಸಮೇತ ವೆಬ್‌ಸೈಟೇ ಮಾಯ!

ಸೈಟಿನ ಪುಟಗಳೆಲ್ಲ ಬರುತ್ತಿದ್ದದ್ದೇ ಸಬ್‌ವರ್ಷನ್ನಿನಿಂದ.

“ಅಯ್ಯೋ, ನಾನೇ ಅಲ್ಲಿಟ್ಟಿದ್ದು ಕಣ್ರೋ, ಮರ್ತೇಬುಟ್ಟಿದ್ದೆ!” ಎಂದು ಮೇಡಂ ನಕ್ಕ ನಗುವಿಗೆ ಕನ್ನಡಕ ಜಾರಿ ಗ್ರೈಂಡರಿನ ದೋಸೆಹಿಟ್ಟಿಗೆ ಬಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತೆವು.

ಮತ್ತೆ ಚಾಲೂ ಮಾಡಿದಾಗ ಸೈಟಿನ ಜೊತೆ ನನ್ನ ನೋಟೀಸೂ ಮೀಸೆ ತಿರುವಿಕೊಂಡು ಬಂತು. ಅದನ್ನು ಅಳಿಸಲೂ ಸಬ್‌ವರ್ಷನ್ನೇ ಗತಿ. ಅಳಿಸಹೋದರೆ ಅದು ಎಂದಿನ ಪದ್ಧತಿಯಂತೆ ಕಾರಣ ಕೇಳಿತು. ಮೇಡಂ ನನ್ನನ್ನು ಪಕ್ಕಕ್ಕೆ ತಳ್ಳಿ, ಕನ್ನಡಕ ಎತ್ತಿಕೊಂಡ ಹಿಟ್ಟಿನ ಬೆರಳಲ್ಲೇ ಟೈಪಿಸಿದರು: “ಇರ್ಲಿ ಬುಡ್ರೋ.”