ಕುಬಸದೂಟ, ಅವ್ವನ ಹಸಿವು

ಮಗಳು ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ಗುಡಗೇರಿಯ ನಮ್ಮ ಮನೆಗೆ ಕರೆತಂದ ಎರಡೇ ವಾರದಲ್ಲಿ ಅವಳ ರಕ್ತದಲ್ಲಿ ಸಕ್ಕರೆ ಏರಿತು. ಊಟದಲ್ಲಿ ಹಿಡಿತ ತಪ್ಪಿದರೆ ಕೂಸಿಗೆ ತೊಂದರೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಾನು ಅಳತೆ ಮಾಡಿ ಬಡಿಸುತ್ತಿದ್ದೆ. ಆದರೂ ಹೀಗೇಕೆ ಎಂದು ತಲೆ ಕೆಡಿಸಿಕೊಂಡು ಅವಳ ಹಾಸಿಗೆ ಕೊಡವಿದರೆ, ದಿಂಬಿನ ಕೆಳಗೆ ಬೆಲ್ಲ ಹಾಕಿ ಕಟ್ಟಿದ ಎರಡು ಅಂಟಿನ ಉಂಡಿ!

"ಅಜ್ಜಿ ಕಣ್ಣೀರ ಹಾಕಿದ್ಲವ್ವ, ಅದಕ್ಕ ತಿಂದೆ" ಎಂದಳು ಮಗಳು.

ಎಂಬತ್ತು ದಾಟಿದ ನಮ್ಮ ಅವ್ವ ಪಡಸಾಲೆಯಲ್ಲಿ ಏನೂ ಗೊತ್ತಿಲ್ಲದವರ ಹಾಗೆ ಬತ್ತಿ ಹೊಸೆಯುತ್ತ ಕೂತಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಯವ್ವಾ, ಹುಡಿಗೀನ ಉಳಸ್ತಿಯೊ ಕೊಲ್ತಿಯೊ ಬೇ?" ಎಂದು ಚೀರಿದೆ.

"ಬಸರಿ ಹೆಣ್ಣಮಗಳನ್ನ ಅರೆಹೊಟ್ಟಿ ಇಡಾಕ ನಿನಗ ಮನಸ್ಸರ ಹೆಂಗ ಬರತೈತಿ? ಹಸಿವು ಅಂದ್ರ ಏನಂತ ನಿನಗೇನ ಗೊತ್ತು!"

ಗೊತ್ತಿತ್ತು. ನಾನು ಅವಳ ಹೊಟ್ಟೆಯಲ್ಲಿದ್ದ ವರ್ಷ ಮಳೆ ಕೈಕೊಟ್ಟು ಎರೆಹೊಲಗಳೆಲ್ಲ ಬಾಯಿಬಿಟ್ಟಿದ್ದವು. ಮನೆಯವರೆಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ನುಚ್ಚಿನ ಗಂಜಿಯೇ ಅವಳ ಪಾಲು. ನಾನು ಹುಟ್ಟಿದಾಗ ಎತ್ತಿಕೊಳ್ಳಲೂ ಹೆದರುವಷ್ಟು ಸಣ್ಣ ಕೂಸು. ಮೊರದಲ್ಲಿ ಹತ್ತಿ ಹಾಸಿ ಮಲಗಿಸಿದ್ದರಂತೆ. ಈಗ ನನ್ನನ್ನು ಎತ್ತಲು ಇಬ್ಬರು ಬೇಕು, ಆ ಮಾತು ಬೇರೆ.

ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಬೋರ್ಡಿನ ಮೇಲೆ ಬಟಾಣಿ ಗಿಡ ಬರೆದು, ಅನುವಂಶೀಯತೆ ಎಂದರೆ ಇಷ್ಟೇ ಎಂದು ಕೈ ಝಾಡಿಸಿಕೊಂಡು ಬರುತ್ತಿದ್ದೆ. ನನಗೂ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರಮ್ಮ ತಿಳಿಸಿ ಹೇಳಿದರು: ಒಂದಿಷ್ಟು ಮನೆತನದಿಂದ ಬರುತ್ತದೆ, ಅದರ ಮೇಲೆ ತಾಯಿಯ ಹೊಟ್ಟೆಯಲ್ಲೇ ಹಸಿವು ಕಂಡ ಮೈ ಸಿಕ್ಕಿದ್ದನ್ನೆಲ್ಲ ಕೂಡಿಡಲು ಕಲಿತುಬಿಡುತ್ತದೆ. ಬರದ ಕಾಲಕ್ಕೆ ಅದು ಒಳ್ಳೆಯ ಗುಣವೇ. ದಿನಾ ಹೊಟ್ಟೆ ತುಂಬಾ ಉಣ್ಣುವ ನಮ್ಮಂಥವರಿಗೆ ಮಾತ್ರ ಕಾಟ.

ಅದನ್ನೇ ಅವ್ವನಿಗೆ ಹೇಳಿದೆ. ಹೇಳಬಾರದಿತ್ತು.

"ಹಂಗಾರ ಇದು ನಾ ಹಚ್ಚಿದ ಬ್ಯಾನಿ ಅನ್ನು" ಎಂದಳು. ಬತ್ತಿ ಹೊಸೆಯುವ ಕೈ ನಿಂತುಬಿಟ್ಟಿತು.

ಅವಳ ಬಾಜು ಕೂತೆ. "ಅಲ್ಲ ಯವ್ವಾ. ನಿನ್ನ ಮೈ ಆಗ ಅಷ್ಟು ಹಟ ಹಿಡೀಲಿಲ್ಲಂದ್ರ ನಾ ಎಲ್ಲಿರ್ತಿದ್ದೆ? ಈಕಿ ಎಲ್ಲಿರ್ತಿದ್ಲು? ಆದ್ರ ಈಗ ಬರ ಹೋಗೇತಿ. ಮೈಗೆ ಅದು ತಿಳಿಯಂಗಿಲ್ಲ, ನಮಗರ ತಿಳೀಬೇಕು."

ಅವಳು ಎದ್ದು ಹೋದಳು. ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು.

ಕುಬಸದ ದಿನ ಹಸಿರು ಸೀರೆ ಉಟ್ಟ ಮಗಳನ್ನು ನಡುವೆ ಕೂಡಿಸಿ ಉಡಿ ತುಂಬಿದರು. ಊಟಕ್ಕೆ ಹೋಳಿಗೆ, ಗೋದಿ-ಬೆಲ್ಲದ ಮಾದಲಿ, ತುಪ್ಪ. ಬಂದ ಹೆಂಗಸರೆಲ್ಲ ಬಸುರಿಗೆ ಒಂದೊಂದು ತುತ್ತು ಸಿಹಿ ತಿನ್ನಿಸುವುದು ನಮ್ಮಲ್ಲಿ ರೂಢಿ. ಬೇಡ ಅಂದರೆ ಮುಖ ಸಿಂಡರಿಸುತ್ತಾರೆ. ಮಗಳ ಅತ್ತೆ ಹೋಳಿಗೆ ಹಿಡಿದು ಎದ್ದರು. ಬೀಗರಿಗೆ ಹೇಗೆ ಬೇಡ ಅನ್ನಲಿ? ಸುಳ್ಳು ಯಾಕೆ, ನನ್ನ ಕೈಯಲ್ಲೂ ಒಂದು ತುತ್ತು ಮಾದಲಿ ಸಿದ್ಧವಾಗಿತ್ತು. ಇಷ್ಟೆಲ್ಲ ಓದಿಕೊಂಡವಳ ಕೈಯೂ ತಾನಾಗಿಯೇ ಅವಳ ಬಾಯಿಯತ್ತ ಹೊರಟಿತ್ತು.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಬಂದು ಮೊಮ್ಮಗಳ ಪಕ್ಕ ಕೂತಳು. ಜೋಳದ ರೊಟ್ಟಿಯ ಒಂದು ಚೂರಿಗೆ ಮೆಂತ್ಯಪಲ್ಯ ಹಚ್ಚಿ ಅವಳ ಬಾಯಿಗಿಟ್ಟಳು.

"ಯಮ್ಮಾ, ಸಿಹಿ ತಿನ್ನಸ್ರಿ, ಕೂಸು ಗಟ್ಟಿ ಆಗಬೇಕು" ಎನ್ನುತ್ತ ಬೀಗಿತ್ತಿ ಹೋಳಿಗೆ ಹಾಕಲು ಬಗ್ಗಿದರು.

ಅವ್ವ ಮೊಮ್ಮಗಳ ತಾಟಿಗೆ ತನ್ನ ಕೈ ಅಡ್ಡ ಹಿಡಿದಳು. "ಗಟ್ಟಿನ ಐತ್ರಿ ಅದು. ಏನೂ ಇಲ್ಲದಾಗ ಉಳದವರ ರಕ್ತ ಐತಿ. ಇಷ್ಟ ಸಾಕ್ರಿ."

ಉಣ್ಣುವವರ ಮುಂದೆ ಅವ್ವನ ಬಾಯಿಂದ 'ಸಾಕು' ಎಂಬ ಮಾತು ಬಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೈಯಲ್ಲಿದ್ದ ಮಾದಲಿಯನ್ನು ಮೆಲ್ಲಗೆ ಪಾತ್ರೆಗೆ ವಾಪಸು ಹಾಕಿದೆ.