ಇರುವೆಗೆ ಹಾಕಿದ ಅಕ್ಕಿಹಿಟ್ಟು

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಶೋಧನಾ ಕೇಂದ್ರದಲ್ಲಿ ತೋಟದ ಕೆಲಸಕ್ಕಿದ್ದ ಬೇಗೂರಿನ ಚನ್ನಕ್ಕನ ಬಾಯಿಗೆ ಹೆದರದವರೇ ಇರಲಿಲ್ಲ. ಕಲ್ಲುಪುಡಿಯಲ್ಲಿ ರಂಗೋಲಿ ಹಾಕುವವರನ್ನು ಕಂಡರಂತೂ ಆಕೆಗೆ ಮೈಯೆಲ್ಲ ಉರಿ. "ಇರುವೆ ಬಂದು ಕಲ್ಲು ಕಡೀಬೇಕಾ?" ಎಂದು ಜಾಡಿಸುತ್ತಿದ್ದಳು. ತಾನು ಮಾತ್ರ ದಿನಾ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಚಿಟಿಕೆ ಸಕ್ಕರೆ ಬೆರೆಸಿ, ತೋಟದ ಬಾಗಿಲಲ್ಲಿ ಎಳೆ ಎಳೆಯುತ್ತಿದ್ದಳು.

೨೦೧೨ರಲ್ಲಿ ಲಾವಣ್ಯ ಎಂಬ ಸಂಶೋಧಕಿ ಅಲ್ಲಿ ಎರಡು ಸಾಲು ಹರಳು ಗಿಡ ಹಾಕಿಸಿದಳು. ಹರಳೆಲೆಯ ತೊಟ್ಟಿನಲ್ಲಿ ಸಿಹಿ ರಸ ಒಸರುತ್ತದೆ. ಅದನ್ನು ಕುಡಿಯಲು ಬರುವ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಒಂದು ಸಾಲಿನ ಬುಡಕ್ಕೆ ಇರುವೆ ಹತ್ತದಂತೆ ಅಂಟು ಬಳಿದು, ಇನ್ನೊಂದನ್ನು ಹಾಗೇ ಬಿಟ್ಟು, ಹೋಲಿಸಿ ನೋಡುವುದು ಅವಳ ಕೆಲಸ.

"ಇಂಥ ರಸ ಕೊಡೋ ಗಿಡಗಳ ಕುಲ ಲಕ್ಷಾಂತರ ವರ್ಷದಲ್ಲಿ ಬೇರೆಯವಕ್ಕಿಂತ ಬೇಗ ಬೇಗ ಹೊಸ ಜಾತಿಗಳಾಗಿ ಕವಲೊಡೆದಿದೆ ಚನ್ನಕ್ಕ. ಯಾಕೆ ಅಂತ ತಿಳ್ಕೋಬೇಕು," ಎಂದಳು ಲಾವಣ್ಯ.

"ಅದರಲ್ಲೇನೈತೆ? ಕಾವಲಿದ್ದ ಮನೇಲಿ ಮಕ್ಳು ಉಳೀತವೆ. ಉಳಿದವು ಊರೂರಿಗೆ ಓಗಿ ನೆಲೆ ನಿಂತ್ಕಂತವೆ. ಅಲ್ಲಲ್ಲಿನ ಮಣ್ಣು ನೀರಿಗೆ ತಕ್ಕಂಗೆ ಮೊಮ್ಮಕ್ಳು ಬ್ಯಾರೆ ತರ ಆಯ್ತವೆ."

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು! ಲಾವಣ್ಯ ಬಿಟ್ಟ ಕಣ್ಣು ಮುಚ್ಚದೆ ನೋಡಿದಳು.

ಆದರೆ ತಿಂಗಳಾದರೂ ಎರಡೂ ಸಾಲನ್ನು ಹುಳು ಒಂದೇ ಸಮ ಮುಕ್ಕಿತ್ತು. ಮರುವಾರ ಫಲಿತಾಂಶ ತೋರಿಸದಿದ್ದರೆ ಲಾವಣ್ಯಳ ಸಂಶೋಧನೆಯೇ ನಿಂತುಹೋಗುತ್ತಿತ್ತು. ಹುಡುಗಿ ಗಿಡದ ಬುಡದಲ್ಲೇ ಕೂತು ಅತ್ತುಬಿಟ್ಟಳು. ಚನ್ನಕ್ಕ ಬಂದು ಪಕ್ಕದಲ್ಲಿ ಕೂತಳು.

ಮರುದಿನ ರಂಗೋಲಿ ಹಾಕಿ ಎದ್ದವಳು ಅಲ್ಲೇ ನಿಂತಳು. ಇರುವೆ ಸಾಲು ಹರಳು ಗಿಡದ ಪಕ್ಕದಲ್ಲೇ ಹಾದು, ಅದರ ಕಡೆ ತಿರುಗಿಯೂ ನೋಡದೆ, ನೇರ ತನ್ನ ಹಿಟ್ಟಿಗೆ ಬರುತ್ತಿತ್ತು. ಅಯ್ಯೋ ಶಿವನೇ! ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚನ್ನಕ್ಕ ಸೀದಾ ಲಾವಣ್ಯಳ ಬಳಿ ಹೋದಳು.

"ತಪ್ಪು ನಂದೇ ಕಣವ್ವಾ. ಕೂತಲ್ಲೇ ಊಟ ಆಕ್ಬುಟ್ಟೆ, ಅವು ಕಾವಲಿಗೆ ಯಾಕೆ ಓಯ್ತವೆ?"

ಹೀಗೆ ಒಪ್ಪಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಕಾರಣ ಕೇಳಿದ ಮೇಲಿನವರು ಲಾವಣ್ಯಳಿಗೆ ಇನ್ನೊಂದು ತಿಂಗಳು ಕೊಟ್ಟರು.

ಮಾರನೆಯ ಬೆಳಿಗ್ಗೆ ಚನ್ನಕ್ಕ, ಹುಟ್ಟಿದಾಗಿನಿಂದ ಮುಟ್ಟದ ಕಲ್ಲುಪುಡಿಯನ್ನು ಕೈಗೆತ್ತಿಕೊಂಡಳು. ಅದರಲ್ಲೇ ಎಳೆ ಎಳೆದಳು. ಬಂದ ಇರುವೆಗಳು ಪುಡಿ ಮೂಸಿ ಗಲಿಬಿಲಿಯಾದವು.

"ಬಯ್ಕಬೇಡ್ರವ್ವಾ," ಎಂದಳು ಕಣ್ಣೊರೆಸಿಕೊಂಡು, ಹರಳು ಗಿಡದ ಕಡೆ ಕೈ ತೋರಿ. "ಅಗೋ, ಅಲ್ಲಿ ಬಡಿಸೈತೆ. ಓಗಿ, ದುಡಿದು ತಿನ್ನಿ."

ಮೂರನೆಯ ದಿನಕ್ಕೆ, ಅಂಟು ಬಳಿಯದ ಸಾಲಿನ ತೊಟ್ಟು ತೊಟ್ಟಿನಲ್ಲೂ ಇರುವೆ ಕೂತಿತ್ತು.