ಎಂಟು ಕೊಡ ನೀರು

ಹೊಸ ಪ್ಲಾಸ್ಟಿಕ್ ಕ್ಯಾನುಗಳ ವಾಸನೆ ಹೋಗಲೆಂದು ಮೊನ್ನೆ ಹುಣಸೆಹಣ್ಣು ಕಿವುಚಿ ತೊಳೆಯುತ್ತಿದ್ದೆ. ಬರುವ ತಿಂಗಳು ಮಗಳೂ ನಾನೂ ಮಂಡ್ಯದಿಂದ ಕಾರಿನಲ್ಲಿ ರಾಜಸ್ಥಾನದ ಮರಳುಗಾಡಿಗೆ ಹೊರಟಿದ್ದೇವೆ. ಸರ್ಕಾರಿ ಬಯಲಂತೆ, ಯಾರು ಬೇಕಾದರೂ ಡೇರೆ ಹಾಕಿಕೊಳ್ಳಬಹುದಂತೆ. ನಲ್ಲಿಯಿಲ್ಲ, ಕಕ್ಕಸಿಲ್ಲ, ನೆರಳೂ ಇಲ್ಲ. "ಮೂರು ದಿನಕ್ಕೆ ಎಷ್ಟು ನೀರು ಬೇಕಮ್ಮ? ನೀನೇ ಹೇಳು" ಎಂದು ಮಗಳು ಪೆನ್ನು ಹಿಡಿದು ಕೂತಳು. ಕೈತುಂಬ ಹುಣಸೆಯ ಹುಳಿವಾಸನೆ. ಆ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನಮ್ಮ ಮನೆಯಲ್ಲಿ ಒಬ್ಬಳಿಗೇ ಇತ್ತು. ಅವಳಿಂದ ಅದನ್ನು ಕಿತ್ತುಕೊಂಡವಳು ನಾನು.

ಹೊಳಲಿನ ನಮ್ಮ ಕೂಡುಮನೆ ಈಗಿಲ್ಲ. ಪಾಲಾಗಿ, ಕೆಡವಿ, ಮೂರು ತಾರಸಿ ಎದ್ದಿವೆ. ಆಗ ವರ್ಷಕ್ಕೊಮ್ಮೆ ಮಳವಳ್ಳಿಯಾಚೆಯ ಸರ್ಕಾರಿ ಬೋರೆಯ ಮೇಲೆ ಮನೆದೇವರಿಗೆ ಪರ ಮಾಡುತ್ತಿದ್ದೆವು. ಬೋಳು ದಿಣ್ಣೆ, ಕಲ್ಲುನೆಲ, ಹೆಸರಿಗೆ ನಾಲ್ಕು ಜಾಲಿಮರ, ಹನಿ ನೀರಿಲ್ಲ. ಅಲ್ಲೇ ಒಲೆ ಹೂಡಿ, ಮರಿ ಕೊಯ್ದು, ನೆಂಟರಿಷ್ಟರಿಗೆಲ್ಲ ಮುದ್ದೆ ಊಟ ಹಾಕಿ ಬರುವುದು. ಸೌದೆಯಿಂದ ಉಪ್ಪಿನವರೆಗೆ ಟ್ರಾಕ್ಟರಿಗೆ ಏನೇನು ಏರಬೇಕೆಂದು ಹೇಳುವ ಅಧಿಕಾರ ದೊಡ್ಡವ್ವನದು. ಮಿಕ್ಕ ದಿನ ದೊಡ್ಡಪ್ಪನೆದುರು ಬಾಯಿ ಬಿಡದವಳು ಅವತ್ತು ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಕೊಪ್ಪರ್ಗೆ ಈ ಕಡೀಕ್ ಮಡುಗ್ಲಾ" ಎಂದು ಹುಡುಗರನ್ನು ಓಡಾಡಿಸುತ್ತಿದ್ದಳು. ಅವಳ ಮುಖ ಅಷ್ಟು ಗೆಲುವಾಗಿರುತ್ತಿದ್ದದ್ದು ವರ್ಷದಲ್ಲಿ ಆ ಒಂದೇ ದಿನ. ಕೊನೆಗೆ ಹುಣಸೆಹಣ್ಣಿನಲ್ಲಿ ಬೆಳಗಿದ ಎಂಟು ತಾಮ್ರದ ಕೊಡಗಳಿಗೆ ನೀರು ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ತಾನೇ ನಿಂತು ಏರಿಸುವಳು.

ನನಗೆ ಒಂಬತ್ತು ವರ್ಷ. ಟ್ರೇಲರಿನ ಮುಂದಿನ ಮೂಲೆಯಲ್ಲಿ ಕೂತರೆ ಮುಖಕ್ಕೆ ಗಾಳಿ ಹೊಡೆಯುತ್ತದೆ, ಆದರೆ ಅಲ್ಲಿ ಎರಡು ಕೊಡ ಕೂತಿದ್ದವು. ಎಲ್ಲರೂ ದೇವರಿಗೆ ಕೈಮುಗಿಯಲು ಒಳಗೆ ಹೋದಾಗ ಎರಡನ್ನೂ ಬಾಗಿಸಿ ಚೆಲ್ಲಿದೆ. ಖಾಲಿ ಕೊಡಗಳನ್ನು ಕೊಟ್ಟಿಗೆಯ ಹುಲ್ಲಿನ ಹಿಂದೆ ಇಟ್ಟು ಬಂದು, ಏನೂ ಅರಿಯದವಳಂತೆ ಮೂಲೆ ಹಿಡಿದು ಕೂತೆ. ದಾರಿಯುದ್ದಕ್ಕೂ ಹಾಡಿದೆ ಕೂಡ.

ಬೋರೆಯ ಮೇಲೆ ನೀರು ಅಡುಗೆಗೇ ಮುಗಿದುಹೋಯಿತು. ಉಂಡ ಬೀಗರು ಎಂಜಲು ಕೈ ಹಿಡಿದು ನಿಂತರು. "ನೀರ್ ಏರ್ಸಾಕೂ ಬರಾಕಿಲ್ವೇನಮ್ಮಿ ನಿಂಗೆ? ಮಾನ ಕಳುದ್ಬುಟ್ಟಲ್ಲ!" ಎಂದು ದೊಡ್ಡಪ್ಪ ಅಷ್ಟು ಜನರೆದುರು ಕೂಗಾಡಿದರು. "ಎಂಟೂ ಏರ್ಸಿದ್ನಲ್ಲಾ..." ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಉಳಿದಿದ್ದ ಒಂದು ಚೊಂಬು ನೀರನ್ನು ಮಕ್ಕಳಿಗೆ ಹಂಚಿದಳು. ಮೊದಲು ಕುಡಿದವಳು ನಾನು. ಮೂರು ದಿನದ ಮೇಲೆ ಕೊಡಗಳು ಕೊಟ್ಟಿಗೆಯಲ್ಲಿ ಸಿಕ್ಕಾಗ, ಅವಳಿಗೇ ಮರೆವು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಮರುವರ್ಷ ಟ್ರಾಕ್ಟರಿನ ಮುಂದೆ ನಿಂತು ಹೇಳುವ ಕೆಲಸ ನನ್ನ ಅವ್ವನ ಪಾಲಾಯಿತು. ನನಗೆ ಹೆಮ್ಮೆಯೂ ಆಯಿತು, ನಾಚಿಕೆಗೇಡು. ದೊಡ್ಡವ್ವ ಅಲ್ಲಿಂದಾಚೆಗೆ ಜಗಲಿಯಲ್ಲಿ ಈರುಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು. ಉಪ್ಪು ಎಲ್ಲಿ ಎಂದು ಕೇಳಿದರೂ "ನಂಗೊತ್ತಿಲ್ಲ ಕಣಮ್ಮ, ಅವ್ಳುನ್ ಕೇಳು" ಎನ್ನುತ್ತಿದ್ದಳು.

ಅವಳು ಕೊನೆಗಾಲದಲ್ಲಿ ಮದ್ದೂರಿನ ಮಗಳ ಮನೆಯಲ್ಲಿದ್ದಳು. ಹೇಳಿಬಿಡೋಣವೆಂದೇ ಒಂದು ಮಧ್ಯಾಹ್ನ ಹೋದೆ. ಮಗಳು ಕಾಫಿಗೆಂದು ಒಳಗೆ ಹೋದದ್ದೇ ತಡ, ದೊಡ್ಡವ್ವ ನನ್ನ ಕೈ ಹಿಡಿದುಕೊಂಡಳು. "ಅವತ್ತು ಟ್ರಾಕ್ಟ್ರತ್ರ ನೀನಿದ್ದೆ ಕಣವ್ವ. ಎಂಟೂ ಏರ್ಸಿದ್ನೋ, ನಂಗೇ ಮರ್ವು ಬಂದಿತ್ತೋ? ದಿಟ ಯೋಳು."

ಮೂವತ್ತು ವರ್ಷಕ್ಕೂ ಮಿಕ್ಕಿ ಅವಳು ಅದನ್ನೇ ಎಣಿಸುತ್ತಿದ್ದಳು.

"ನೆಪ್ಪಿಲ್ಲ ದೊಡ್ಡವ್ವ" ಅಂದೆ.

"ಓಗ್ಲಿ ಬುಡು. ನಂಗೇ ಮರ್ವು ಇರ್ಬೇಕು" ಎಂದು ನನ್ನ ತಲೆ ಸವರಿದಳು. ಹದಿನೈದು ದಿನಕ್ಕೆ ತೀರಿಕೊಂಡಳು, ತಪ್ಪು ತನ್ನದೇ ಎಂದು ಒಪ್ಪಿಕೊಂಡು.